ಅಸ್ಕರ ಎಣ್ಣೆ

ಮೊರಬದ ಬಾಬಾಸಾಬನನ್ನು ಕೇಳಿಕೊಂಡು ಜೀಪಿನಲ್ಲಿ ಹೆಣ್ಣುಮಗಳೊಬ್ಬಳು ಬಂದಿದ್ದಾಳೆಂಬ ಸುದ್ದಿ ಅವಳಿಗಿಂತ ಮೊದಲೇ ಅವನ ಮನೆ ಮುಟ್ಟಿತು. ಬಸ್ ನಿಲ್ದಾಣದ ಚಹಾದಂಗಡಿಯವನು ಫೋನು ಮಾಡಿ, "ಚಾಚಾ, ಯಾರೋ ಆಫೀಸರ್ ಬಾಯಾರು ನಿಮ್ಮ ಮನಿ ಕೇಳಾಕತ್ತಾರ್ರಿ. ಹುಬ್ಬಳ್ಳಿ ವರ್ಕ್‌ಶಾಪಿನ ಹೆಸರು ಹೇಳಿದ್ರು" ಅಂದಿದ್ದ. ಅಂಗಳದಲ್ಲಿ ಹರವಿದ ಹೆಸರುಕಾಳಿನಲ್ಲಿ ಕೈಯಾಡಿಸುತ್ತಿದ್ದ ಬಾಬಾಸಾಬ ಎದ್ದು ಒಳಗೆ ಹೋಗಿ ಅಂಗಿ ತೊಟ್ಟು ಬಂದ. ಆ ವರ್ಕ್‌ಶಾಪು ಮುಚ್ಚಿ ಹದಿನೈದು ವರ್ಷವಾಗಿತ್ತು. ಮಾಲೀಕ ಬಾಳಕೃಷ್ಣ ತೀರಿಕೊಂಡು ಒಂಬತ್ತು ವರ್ಷ. ಈಗ ಆ ಹೆಸರು ಹಿಡಿದು ಯಾರು ಬಂದಾರು ಎಂದು ಅವನಿಗೆ ಹೊಳೆಯಲಿಲ್ಲ.

ಬಂದವಳ ಹೆಸರು ವೃಂದಾ. ಧಾರವಾಡದವಳು, ರಸಾಯನಶಾಸ್ತ್ರ ಓದಿ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಚಪ್ಪಲಿ ಹೊರಗೆ ಬಿಟ್ಟು ಬಂದು, ಬಾಬಾಸಾಬನ ಹೆಂಡತಿ ರಜಿಯಾಬಿ ಹಾಸಿದ ಜಮಖಾನದ ಮೇಲೆ ಕೂತಳು, ಕೊಟ್ಟ ನೀರು ಕುಡಿದಳು, ಆಮೇಲೆ ಮಾತು ತೆಗೆದಳು.

"ಕಾಕಾ, ಅಣ್ಣಿಗೇರಿ ಹತ್ತಿ ಗಿರಣಿಯೊಳಗ ಒಂದು ಪರದೇಶದ ದೊಡ್ಡ ಟ್ರಾನ್ಸ್‌ಫಾರ್ಮರ್ ಇತ್ತಂತಲ್ರಿ. ತೊಂಬತ್ತಮೂರರಾಗ ಗಿರಣಿ ಮುಚ್ಚಿದಾಗ ನಿಮ್ಮ ವರ್ಕ್‌ಶಾಪಿನವರು ಅದನ್ನ ಬಿಚ್ಚಿದ್ರಂತ. ಹಳೇ ಕಾಗದದಾಗ ನಿಮ್ಮ ಹೆಸರು ಸಿಕ್ತು."

"ಹೌದ್ರಿ, ಬಿಚ್ಚಿದ್ವಿ" ಅಂದ ಬಾಬಾಸಾಬ. "ಅಸ್ಕರ ಎಣ್ಣಿದು."

ವೃಂದಾ ತಲೆಯೆತ್ತಿದಳು. "ಏನಂದ್ರಿ?"

ಅವನು ನಕ್ಕ. ಆ ಟ್ಯಾಂಕಿಗೆ ಹೊಡೆದಿದ್ದ ಹಿತ್ತಾಳೆಯ ಪಾಟಿಯ ಮೇಲೆ ಇಂಗ್ಲೀಷಿನಲ್ಲಿ 'ಅಸ್ಕರೆಲ್' ಎಂದು ಬರೆದಿತ್ತು. ವರ್ಕ್‌ಶಾಪಿನ ಹುಡುಗರು ಅದನ್ನು ಅಸ್ಕರ ಎಣ್ಣೆ ಮಾಡಿದ್ದರು. ಮುಸಲ್ಮಾನರ ಹೆಸರಿನಂತಿದೆಯಲ್ಲ, ಈ ಅಸ್ಕರ ನಿಮ್ಮ ಸಂಬಂಧಿಕನೇನು ಎಂದು ಬಾಬಾಸಾಬನನ್ನೇ ಚೇಷ್ಟೆ ಮಾಡುತ್ತಿದ್ದರು. ಅದು ವಿಚಿತ್ರ ಎಣ್ಣೆಯಾಗಿತ್ತು. ಬೇರೆ ಟ್ರಾನ್ಸ್‌ಫಾರ್ಮರಿನ ಎಣ್ಣೆ ನೀರಿನ ಮೇಲೆ ತೇಲಿದರೆ ಇದು ಕಲ್ಲಿನ ಹಾಗೆ ತಳಕ್ಕೆ ಕೂಡುತ್ತಿತ್ತು. ಬೆಂಕಿ ಹಚ್ಚಿದರೂ ಹತ್ತುತ್ತಿರಲಿಲ್ಲ. ಇದನ್ನೆಲ್ಲ ಅವನು ಉತ್ಸಾಹದಿಂದಲೇ ಹೇಳಿದ. ಬಹಳ ದಿನಗಳ ಮೇಲೆ ಅವನ ಕಸುಬಿನ ಮಾತನ್ನು ಯಾರೋ ಕೂತು ಕೇಳುತ್ತಿದ್ದರು.

ವೃಂದಾ ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ತಾನು ಬಂದ ಕಾರಣ ಹೇಳಿದಳು. ಆ ಎಣ್ಣೆಗೆ ವಿಜ್ಞಾನದಲ್ಲಿ ಪಿಸಿಬಿ ಎನ್ನುತ್ತಾರೆ. ಮಣ್ಣಿಗೆ ಬಿದ್ದರೆ ಮಣ್ಣಿನಲ್ಲಿ, ಮೈಗೆ ಹೊಕ್ಕರೆ ಮೈಯ ಕೊಬ್ಬಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಕರಗುವುದಿಲ್ಲ, ಕೊಳೆಯುವುದಿಲ್ಲ. ಇಂಥ ವಿಷಗಳನ್ನು ಇನ್ನು ಜಗತ್ತಿನಲ್ಲೇ ಇಡಬಾರದೆಂದು ೨೦೦೧ರಲ್ಲಿ ಸ್ಟಾಕ್‌ಹೋಮ್ ಎಂಬ ಊರಿನಲ್ಲಿ ಅನೇಕ ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡವು. ನಮ್ಮ ದೇಶ ೨೦೦೬ರಲ್ಲಿ ಸೇರಿತು. ಈ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ ಒಂದು ಹನಿಯೂ ಬಳಕೆಯಲ್ಲಿ ಇರಬಾರದು. ಅದಕ್ಕೇ ಎಲ್ಲೆಲ್ಲಿ ಇತ್ತು, ಎಲ್ಲಿಗೆ ಹೋಯಿತು ಎಂದು ಹುಡುಕಿಕೊಂಡು ಅವಳಂಥವರು ತಿರುಗುತ್ತಿದ್ದರು.

"ಎಷ್ಟು ಎಣ್ಣಿ ಇತ್ರಿ ಅದರಾಗ?"

"ಏಳು ಬ್ಯಾರಲ್ ತುಂಬಿತ್ತು. ಬಾಳಕೃಷ್ಣ ಕಾಕಾ ಅದನ್ನ ಬ್ಯಾರೆ ಎಣ್ಣಿಗೆ ಕೂಡಿಸಿ ಸಣ್ಣ ಟಿ.ಸಿ.ಗಳಿಗೆ ಹಾಕಿಸಿದ್ರು. ಹೊಲದಾಗ ಕಂಬದ ಮ್ಯಾಲ ಸಣ್ಣ ಟ್ರಾನ್ಸ್‌ಫಾರ್ಮರ್ ಇರ್ತಾವಲ್ರಿ, ಅವಕ್ಕ. ಒಂದೀಟು ಮಂದಿ ಮೊಣಕಾಲ ನೋವಿಗಂತ ಬಾಟಲಿಯೊಳಗ ತುಂಬಿಸಿಕೊಂಡು ಹ್ವಾದ್ರು."

"ನಂಗೂ ಒಂದು ತಂದು ಕೊಟ್ಟಿದ್ರಿ" ಎಂದಳು ಬಾಗಿಲಲ್ಲಿ ಕೂತಿದ್ದ ರಜಿಯಾಬಿ. "ವಾಸನಿಗೆ ಬ್ಯಾಸತ್ತು ಎಂಟ ದಿನಕ್ಕ ತಿಪ್ಪಿಗೆ ಒಗದೆ."

ವೃಂದಾ ಆ ತಿಪ್ಪೆ ಎಲ್ಲಿತ್ತು ಎಂದು ಕೇಳಿ ಅದನ್ನೂ ಬರೆದುಕೊಂಡಳು. ಆಮೇಲೆ ಕೈಯಲ್ಲಿದ್ದ ಪರದೆಯ ಮೇಲೆ ಒಂದು ಚಿತ್ರ ತೆರೆದು ಅವನ ಮುಂದೆ ಹಿಡಿದಳು. "ಇದನ್ನ ಮುಟ್ಟಿ ಕೆಲಸಾ ಮಾಡಿದವರಿಗೆ ಕೆಲವೊಮ್ಮೆ ಹಿಂಗ ಆಗ್ತೈತ್ರಿ. ನಿಮಗಾಗ್ಲಿ, ನಿಮ್ಮ ಜೋಡಿ ಇದ್ದವರಿಗಾಗ್ಲಿ ಆಗಿತ್ತೇನ್ರಿ?"

ಯಾರದೋ ಕೆನ್ನೆ. ಕಣ್ಣಿನ ಕೆಳಗಿನಿಂದ ಕಿವಿಯ ಹಿಂದಿನವರೆಗೂ ಕರಿ ಎಳ್ಳು ಚೆಲ್ಲಿದಂತೆ ಚುಕ್ಕೆಗಳು, ಅವುಗಳ ನಡುವೆ ಹಳದಿ ಗಂಟುಗಳು. ಊದಿದ ರೆಪ್ಪೆ.

ಬಾಬಾಸಾಬ ಅದನ್ನು ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ.

"ಇಲ್ರಿ" ಅಂದ. "ನಾನs ಒಬ್ಬನs ಬಿಚ್ಚಿದ್ದು. ನಂಗೇನೂ ಆಗ್ಲಿಲ್ಲ."

ಮರುದಿನ ಅಣ್ಣಿಗೇರಿಗೆ ಬಂದು ಜಾಗ ತೋರಿಸಬೇಕೆಂದು ಒಪ್ಪಿಸಿ ವೃಂದಾ ಹೊರಟುಹೋದಳು. ಜೀಪಿನ ಸಪ್ಪಳ ಓಣಿ ದಾಟಿತು. ರಜಿಯಾಬಿ ಎದ್ದು ಬಂದು ಗಂಡನ ಎದುರಿಗೆ ಕೂತಳು.

"ರಾಮಪ್ಪನ ಹೆಸರು ಯಾಕ ಹೇಳ್ಲಿಲ್ಲ?"

ಅವನು ಅಂಗಿಯ ಗುಂಡಿ ಬಿಚ್ಚತೊಡಗಿದ.

"ಆ ಫೋಟೋ ನಾನೂ ನೋಡೇನಿ. ಥೇಟ್ ರಾಮಪ್ಪನ ಮಾರಿ. ಈದ್ ದಿನಾ ಈ ಮನಿಯೊಳಗ ಕೂತು ಸುರಕುಂಬಾ ಕುಡದು ಹೋದಾಂವನ ಮಾರಿ ನಾ ಮರೀತೇನೇನು?"

* * *

ರಾಮಪ್ಪ ಕುಬಿಹಾಳದವನು. ಬಾಬಾಸಾಬನಿಗಿಂತ ಹನ್ನೆರಡು ವರ್ಷ ಸಣ್ಣವನು. ವರ್ಕ್‌ಶಾಪಿಗೆ ಸೇರಿದಾಗ ಸ್ಪ್ಯಾನರು ಹಿಡಿಯಲೂ ಬರುತ್ತಿರಲಿಲ್ಲ. ತಾಮ್ರದ ತಂತಿ ಸುತ್ತುವುದರಿಂದ ಹಿಡಿದು ಎಲ್ಲವನ್ನೂ ಬಾಬಾಸಾಬನೇ ಕಲಿಸಿದ್ದ. ಐದಾರು ವರ್ಷದಲ್ಲಿ ಗುರುವಿನಷ್ಟೇ ಕೈ ಕುದುರಿತ್ತು. ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಣ್ಣುವಷ್ಟು ಸಲಿಗೆ.

ಅಣ್ಣಿಗೇರಿಯ ಟ್ಯಾಂಕು ಬಿಚ್ಚುವ ಕೆಲಸ ಬಂದದ್ದು ಮಾರ್ಚ್ ತಿಂಗಳಲ್ಲಿ, ರಮಜಾನಿನ ನಡುವೆ. ಸರಪಳಿ ಹಾಕಿ ಒಳಗಿನ ಭಾರವನ್ನೆಲ್ಲ ಎತ್ತಿದ ಮೇಲೂ ತಳದಲ್ಲಿ ಮೊಳಕಾಲುದ್ದ ಎಣ್ಣೆ ಉಳಿದಿತ್ತು. ಒಬ್ಬರು ಒಳಗಿಳಿದು ಅದನ್ನು ಮಗ್ಗಿನಿಂದ ಎತ್ತಿ, ಗಸಿ ಕೆರೆದು ತೆಗೆಯಬೇಕಿತ್ತು. ಇಂಥ ಕೆಲಸಕ್ಕೆ ಇಳಿಯುವವನು ಯಾವಾಗಲೂ ಬಾಬಾಸಾಬ. ಅವತ್ತೂ ಅವನೇ ಅಂಗಿ ಕಳಚಿ ಏಣಿ ಇಟ್ಟ. ಬಿಸಿಲಿಗೆ ಕಾದ ಕಬ್ಬಿಣದಿಂದ ಝಳ ಹೊಡೆಯುತ್ತಿತ್ತು. ಬೆಳಗಿನಿಂದ ಹನಿ ನೀರು ಕುಡಿಯದವನ ನಾಲಗೆ ಅಂಟಿಕೊಂಡಿತ್ತು. ಏಣಿಯ ಎರಡನೇ ಮೆಟ್ಟಿಲ ಮೇಲೆ ನಿಂತಾಗ ಅವನಿಗೆ ಕಣ್ಣು ಕತ್ತಲೆ ಬಂದಂತಾಯಿತು.

"ನೀ ರೋಜಾ ಅದಿ. ಇಳಿ, ನಾ ಹೋಗ್ತೇನಿ" ಎಂದ ರಾಮಪ್ಪ.

ಬಾಬಾಸಾಬ ಏಣಿ ಬಿಟ್ಟು ನೆಲಕ್ಕಿಳಿದ. ಬೇಡ ಎಂದು ಒಂದು ಸಲವೂ ಅನ್ನಲಿಲ್ಲ. ರಾಮಪ್ಪ ಬರಿಮೈಯಲ್ಲಿ ಚಡ್ಡಿಯ ಮೇಲೆ ಒಳಗಿಳಿದು ಮೂರು ದಿನ ಕೆಲಸ ಮಾಡಿದ. ಸಂಜೆ ಮೇಲೆ ಬಂದಾಗ ತಲೆಯಿಂದ ಪಾದದವರೆಗೆ ಹೊಳೆಯುತ್ತಿದ್ದ. ಸೋಪು ಹಚ್ಚಿ ತೊಳೆದರೂ ಅದು ಹೋಗುತ್ತಿರಲಿಲ್ಲ. ಸೀಮೆಎಣ್ಣೆಯಿಂದ ಒರೆಸಿಕೊಂಡು ಬಸ್ಸು ಹತ್ತುತ್ತಿದ್ದ.

ಈದ್ ಹಬ್ಬಕ್ಕೆ ಮೊರಬಕ್ಕೆ ಬಂದಾಗಲೇ ಅವನ ಕೆನ್ನೆಯ ಮೇಲೆ ಕರಿಚುಕ್ಕೆಗಳೆದ್ದಿದ್ದವು. ತಿಂಗಳೊಪ್ಪತ್ತಿನಲ್ಲಿ ಅವು ಗಂಟಾಗಿ ಒಡೆದು ಕುತ್ತಿಗೆಗೆ, ಬೆನ್ನಿಗೆ ಇಳಿದವು. ಉಗುರು ಕಂದಿತು, ಕಣ್ಣು ಬೆಳಿಗ್ಗೆ ಅಂಟಿಕೊಂಡು ಬಿಡಿಸಲು ಬರುತ್ತಿರಲಿಲ್ಲ. ಹುಬ್ಬಳ್ಳಿಯ ಇಬ್ಬರು ಡಾಕ್ಟರು ಮುಲಾಮು ಕೊಟ್ಟರು. ಮೂರನೆಯವನು ಹೆಂಗಸರ ಸಹವಾಸ ಉಂಟೇನು ಎಂದು ಕೇಳಿದ. ಆ ಪ್ರಶ್ನೆ ಹೇಗೋ ಆಸ್ಪತ್ರೆಯಿಂದ ಹೊರಬಿತ್ತು. ವರ್ಕ್‌ಶಾಪಿನಲ್ಲಿ ಒಬ್ಬೊಬ್ಬರೇ ಅವನಿಂದ ದೂರ ಕೂತು ಉಣ್ಣತೊಡಗಿದರು.

ಬಾಬಾಸಾಬನಿಗೆ ಅನುಮಾನ ಬಂದಿತ್ತು. ಬಾಳಕೃಷ್ಣನ ಮುಂದೆ ಹೋಗಿ, ಇದು ಆ ಎಣ್ಣೆಯದೇ ಇರಬೇಕು ಎಂದೂ ಹೇಳಿದ್ದ. ಬಾಳಕೃಷ್ಣ ಸುಮ್ಮನೆ ಕೇಳಿ, "ಇನ್ನೆರಡು ಗಿರಣಿ ಕೆಲಸ ಬರೂದೈತಿ. ಎಣ್ಣಿ ಮಾತು ಹೊರಗ ಹೋದ್ರ ನಾಕು ಮಂದಿ ಹೊಟ್ಟಿ ಮ್ಯಾಲ ಬರ್ತೈತಿ. ನೀ ತಿಳಿದಾಂವ" ಎಂದಿದ್ದ. ತಿಳಿದವನು ಎನಿಸಿಕೊಂಡ ಬಾಬಾಸಾಬ ಬಾಯಿ ಮುಚ್ಚಿಕೊಂಡ.

ಆ ಹೊತ್ತಿಗೆ ಯರಗುಪ್ಪಿಯ ಹುಡುಗಿಯೊಂದಿಗೆ ರಾಮಪ್ಪನ ನಿಶ್ಚಯವಾಗಿತ್ತು. ಒಂದು ಮಧ್ಯಾಹ್ನ ಹುಡುಗಿಯ ಸೋದರಮಾವ ಬಸವಣ್ಣೆಪ್ಪ ವರ್ಕ್‌ಶಾಪಿನ ಗೇಟಿಗೆ ಬಂದು ಬಾಬಾಸಾಬನನ್ನು ಹೊರಗೆ ಕರೆದ. ಒಳ್ಳೆಯ ಮನುಷ್ಯ. ಸಂಕೋಚದಿಂದ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ.

"ನೀವು ಅವನ ಬಾಜೂಕ ಕೂತು ಕೆಲಸಾ ಮಾಡವ್ರು. ಹಿರೇರು. ಮಂದಿ ಒಂದೊಂದ ಹೇಳಾಕತ್ತಾರ. ಆ ಮಾರಿ ಮ್ಯಾಲಿಂದು ಏನ್ರಿ ಅದು? ನೀವೊಂದು ಮಾತು ಹೇಳಿದ್ರ ನಮಗ ಸಾಕು."

ಒಳಗೆ ಬಾಳಕೃಷ್ಣ ಕಿಟಕಿಯ ಹತ್ತಿರ ನಿಂತಿದ್ದ. ಬಾಬಾಸಾಬ ಹೇಳಿದ: "ನಂಗೇನು ಗೊತ್ತಿಲ್ರಿ. ಕೆಲಸಾ ಬಿಟ್ಟ ಮ್ಯಾಲ ಅಂವ ಎಲ್ಲೆಲ್ಲಿ ಹೋಗ್ತಾನೋ ನಾ ಹ್ಯಾಂಗ ಹೇಳ್ಲಿ."

ಮೊದಲ ಮಾತಿಗೇ ನಿಲ್ಲಿಸಬಹುದಿತ್ತು. ಎರಡನೆಯದು ಯಾಕೆ ಬಂತೋ, ಅದನ್ನು ಆಡಿದ ನಾಲಗೆ ತನ್ನದೇ ಹೌದೋ ಎಂದು ಅವನು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದ. ಬಸವಣ್ಣೆಪ್ಪ ರುಮಾಲು ಸುತ್ತಿಕೊಂಡು ಹೋದ. ಎಂಟು ದಿನದಲ್ಲಿ ಮದುವೆ ಮುರಿಯಿತು. ಮತ್ತೆ ಹದಿನೈದು ದಿನಕ್ಕೆ ರಾಮಪ್ಪ ಕೆಲಸಕ್ಕೆ ಬರುವುದನ್ನು ಬಿಟ್ಟ. ಯಾರಿಗೂ ಹೇಳಲಿಲ್ಲ, ತನ್ನ ಸಾಮಾನುಗಳನ್ನೂ ಒಯ್ಯಲಿಲ್ಲ. ಹತ್ತು ವರ್ಷದ ಮೇಲೊಮ್ಮೆ ಕುಂದಗೋಳದ ಬಸ್ ನಿಲ್ದಾಣದಲ್ಲಿ ಕಂಡಿದ್ದ. ಬಾಬಾಸಾಬ ಕೈಯೆತ್ತುವುದರೊಳಗೆ ಬಸ್ಸಿನ ಆಚೆ ಬದಿಗೆ ಸರಿದುಬಿಟ್ಟ.

* * *

ಅಣ್ಣಿಗೇರಿಯ ಗಿರಣಿಯಲ್ಲಿ ಈಗ ಗೋಡೆಗಳಷ್ಟೇ ನಿಂತಿದ್ದವು. ಟ್ರಾನ್ಸ್‌ಫಾರ್ಮರ್ ಇದ್ದ ಕಟ್ಟೆಯನ್ನು ಜಾಲಿ ಮುಳ್ಳು ಮುತ್ತಿತ್ತು. ಎಣ್ಣೆ ತುಂಬಿದ ಜಾಗ, ಬ್ಯಾರಲ್ ಉರುಳಿಸಿದ ದಾರಿ, ಟ್ಯಾಂಕು ತೊಳೆದ ನೀರು ಚೆಲ್ಲಿದ ಮೂಲೆ, ಎಲ್ಲವನ್ನೂ ಬಾಬಾಸಾಬ ತೋರಿಸಿದ. ವೃಂದಾ ರಬ್ಬರಿನ ಕೈಗವಸು ಹಾಕಿಕೊಂಡು ಗೇಣುದ್ದ ಕೆಳಗಿನ ಎರೆಮಣ್ಣು ಅಗೆದು ಗಾಜಿನ ಬಾಟಲಿಗಳಿಗೆ ತುಂಬಿ, ಒಂದೊಂದರ ಮೇಲೂ ಚೀಟಿ ಅಂಟಿಸಿದಳು. ಮೂಲೆಯ ಮಣ್ಣು ಮೂವತ್ತೆರಡು ವರ್ಷದ ಮೇಲೂ ಕೈಗೆ ಜಿಡ್ಡು ಜಿಡ್ಡಾಗಿತ್ತು.

ಬಾಬಾಸಾಬ ಕಟ್ಟೆಯ ಮೇಲೆ ಕೂತು ಕೇಳಿದ: "ಬಾಯಾರ, ಇದು ವಿಷ ಅಂತ ಮೊದಲ ಯಾವಾಗ ಗೊತ್ತಾತ್ರಿ?"

"ಜಪಾನಿನ್ಯಾಗ ಅರವತ್ತೆಂಟರಾಗ ಅಡಗಿ ಎಣ್ಣಿಯೊಳಗ ಇದು ಸೇರಿ ಸಾವಿರಾರು ಮಂದಿ ಬ್ಯಾನಿ ಬಿದ್ರು. ಅವರ ಮಾರಿ ಮ್ಯಾಲೂ ಹಿಂಗs ಆಗಿತ್ರಿ. ಮುಂದ ಹತ್ತು ವರ್ಷದಾಗ ದೊಡ್ಡ ದೇಶದವರು ತಯಾರು ಮಾಡೂದ ಬಿಟ್ರು."

"ಅಂದ್ರ ನಾವು ಟ್ಯಾಂಕ್ ಬಿಚ್ಚೂಮುಂದ ಜಗತ್ತಿಗೆ ಗೊತ್ತಿತ್ತು."

"ಗೊತ್ತಿತ್ರಿ."

"ನಮಗ ಯಾರೂ ಹೇಳ್ಲಿಲ್ಲ."

ಅವಳು ಮಣ್ಣು ತುಂಬುವುದನ್ನು ನಿಲ್ಲಿಸಿದಳು. "ಇಲ್ರಿ. ಹೇಳಬೇಕಾಗಿತ್ತು."

ಹಾಗೆ ಹೇಳಿದ್ದರಿಂದ ಅವನಿಗೆ ಹಗುರವಾಗಬೇಕಿತ್ತು. ತಪ್ಪು ಎಲ್ಲೋ ದೂರದಲ್ಲಿ, ಅವನು ಹೆಸರೂ ಕೇಳದ ಊರುಗಳಲ್ಲಿ, ಗೊತ್ತಿದ್ದೂ ಸುಮ್ಮನಿದ್ದ ದೊಡ್ಡವರದು ಎಂದುಕೊಳ್ಳಬಹುದಿತ್ತು. ಆದರೆ ಬಸವಣ್ಣೆಪ್ಪ ಬಂದು ಕೇಳಿದ್ದು ವಿಜ್ಞಾನದ ಮಾತಲ್ಲ. ಟ್ಯಾಂಕಿಗಿಳಿದ ಮೇಲೆ ಬಂದದ್ದು ಇದು, ಮೊದಲು ಇರಲಿಲ್ಲ ಎಂದಿಷ್ಟು ಹೇಳಲು ಯಾವ ದೇಶದ ಒಪ್ಪಂದವೂ ಬೇಕಿರಲಿಲ್ಲ. ಅಷ್ಟು ಬಾಬಾಸಾಬನಿಗೆ ಅವತ್ತೇ ಗೊತ್ತಿತ್ತು.

"ನಿನ್ನೆ ನಾ ಸುಳ್ಳು ಹೇಳ್ದೆ" ಅಂದ. "ಟ್ಯಾಂಕಿನ್ಯಾಗ ಇಳದಾಂವ ನಾ ಅಲ್ಲ."

ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ವೃಂದಾ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಾಟಲಿಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ, "ಅವರು ಅದಾರೇನ್ರಿ?" ಎಂದು ಕೇಳಿದಳು.

"ಅದಾನಂತ ಕೇಳೇನಿ. ಕುಬಿಹಾಳದಾಗ ಹಿಟ್ಟಿನ ಗಿರಣಿ ಹಾಕ್ಯಾನ."

"ಹೋಗೂಣು ಬರ್ರಿ."

* * *

ಕುಬಿಹಾಳದ ಹಿಟ್ಟಿನ ಗಿರಣಿಯ ಮುಂದೆ ನಾಲ್ಕೈದು ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಒಳಗೆ ಬೆಲ್ಟಿನ ಸಪ್ಪಳದ ನಡುವೆ ಎತ್ತರದ ಮನುಷ್ಯನೊಬ್ಬ ಬೀಸಿ ಬಿದ್ದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ. ತಲೆ, ಹುಬ್ಬು, ಕೆನ್ನೆ ಎಲ್ಲ ಹಿಟ್ಟು. ಆ ಬಿಳುಪಿನ ಕೆಳಗೆ ಕೆನ್ನೆಯ ಕುಳಿಗಳು ಕಾಣುತ್ತಿರಲಿಲ್ಲ. ಹತ್ತಿರ ಹೋದ ಮೇಲೆಯೇ ಕಂಡವು.

ಅವನು ಬಾಬಾಸಾಬನನ್ನು ನೋಡಿದ. ಗುರುತು ಹಿಡಿಯಲು ತಡವಾಗಲಿಲ್ಲ. ಡಬ್ಬಿಯಲ್ಲಿದ್ದ ಜೋಳ ಪೂರ್ತಿ ಬೀಸುವವರೆಗೆ ಗಿರಣಿ ನಿಲ್ಲಿಸಲಿಲ್ಲ. ಆಮೇಲೆ ಮೋಟರು ಆರಿಸಿ, ಹೆಂಗಸರಿಗೆ ಅರ್ಧ ತಾಸು ಬಿಟ್ಟು ಬರ್ರಿ ಎಂದು ಹೇಳಿ, ಬಾಜೂಕಿದ್ದ ತನ್ನ ಮನೆಯ ಕಟ್ಟೆಯ ಮೇಲೆ ಅವರನ್ನು ಕೂಡಿಸಿದ. ಅವನ ಅಕ್ಕ ರೇವವ್ವ ಹೊರಗೆ ಬಂದಳು. ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇದ್ದವಳು ಅವಳು. ಬಾಬಾಸಾಬನನ್ನು ನೋಡಿ ಒಳಗೆ ಹೋಗುವಳೇನೋ ಅನಿಸಿತು. ಆದರೆ ಬಾಗಿಲಿಗೆ ಬೆನ್ನು ಕೊಟ್ಟು ಅಲ್ಲೇ ನಿಂತಳು.

ವೃಂದಾ ತಾನು ಯಾರು, ಯಾಕೆ ಬಂದೆ ಎಂದು ಹೇಳಿದಳು. ಎಣ್ಣೆಯ ಹೆಸರು ಹೇಳಿದಳು, ಅದು ಮೈಗೆ ಏನು ಮಾಡುತ್ತದೆಂದು ಹೇಳಿದಳು, ಚಿತ್ರ ತೋರಿಸಿದಳು. ರಾಮಪ್ಪ ಚಿತ್ರವನ್ನು ಅಕ್ಕನ ಕೈಗೆ ಕೊಟ್ಟ. ರೇವವ್ವ ಅದನ್ನು ನೋಡುತ್ತ ನೋಡುತ್ತ ನೆಲಕ್ಕೆ ಕೂತಳು.

"ರೋಗ ಅಲ್ಲೇನ್ರಿ ಇದು?"

"ಅಲ್ಲವ್ವ. ವಿಷ ತಾಗಿದ್ದು. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ. ನಡತಿಗೂ ಇದಕ್ಕೂ ಸಂಬಂಧ ಇಲ್ಲ."

ಬಾಬಾಸಾಬ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಈಗ ಅದರಲ್ಲಿ ಒಂದೂ ನೆನಪಾಗಲಿಲ್ಲ. "ರಾಮಪ್ಪ, ಆ ಟ್ಯಾಂಕಿಗೆ ನಾ ಇಳೀಬೇಕಾಗಿತ್ತು" ಅಂದ.

"ಅದು ನಾ ಆಗಿ ಇಳದದ್ದು. ಅದಕ್ಕ ನಿನ್ನ ಏನೂ ಅನ್ನೂದಿಲ್ಲ" ಎಂದ ರಾಮಪ್ಪ. ಅವನ ದನಿ ಮೊದಲಿನಂತೆಯೇ ಇತ್ತು, ಮೆತ್ತಗೆ. "ಎಣ್ಣಿದs ಅಂತ ನಂಗೂ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ನಾ ಹೇಳಿದ್ರ ಯಾರು ಕೇಳ್ತಿದ್ರು? ಕೆಟ್ಟ ಹೆಸರು ಬಂದಾಂವ ತಪ್ಪಿಸ್ಕೊಳ್ಳಾಕ ಹೇಳ್ತಾನ ಅಂತಿದ್ರು. ಅದನ್ನ ನೀ ಹೇಳಬೇಕಾಗಿತ್ತು."

"ಬಸವಣ್ಣೆಪ್ಪ ಬಂದಿದ್ದ ನನ್ನ ಕಡೆ."

"ಗೊತ್ತೈತಿ. ನೀ ಏನಂದಿ ಅನ್ನೂದನ್ನ ಅಂವ ಈ ಕಟ್ಟಿ ಮ್ಯಾಲ ಕೂತು ನಮ್ಮಪ್ಪಗ ಹೇಳಿ ಹ್ವಾದ. ನಾ ಒಳಗಿದ್ದೆ."

ರೇವವ್ವ ಬಾಯಿ ತೆರೆದಳು. ಅವಳು ಮಾತಾಡಿದ್ದು ಬಾಬಾಸಾಬನೊಂದಿಗಲ್ಲ, ವೃಂದಾಳೊಂದಿಗೆ. "ನಮ್ಮವ್ವನ ಮುಂದ ಇಂವ ಎಷ್ಟೋ ಸಲ ಹೇಳಿದ್ನವ್ವಾ, ಎಣ್ಣಿದು ಅಂತ. ಅಕಿ ಒಂದs ಮಾತು ಕೇಳ್ತಿದ್ಲು. ಹಂಗಾದ್ರ ಆ ಬಾಬಾಸಾಬಗ ಯಾಕ ಆಗ್ಲಿಲ್ಲ? ಇಬ್ಬರೂ ಕೂಡೇ ಮಾಡಿದ್ರಲ್ಲ? ಅವನ ಬದ್ಲಿ ನಾ ಇಳದೆ ಅಂತ ಹೇಳಿದ್ರ ಅದೂ ಸುಳ್ಳ ಅಂದ್ಲು. ಮಗ ಹಾದಿ ತಪ್ಪ್ಯಾನ ಅಂತ ತಿಳ್ಕೊಂಡs ಸತ್ಲು ಅಕಿ. ಕಡೀಕ ಅವನ ಕೈಲೆ ನೀರು ಸೈತ ಕುಡೀಲಿಲ್ಲ."

ರಾಮಪ್ಪ, "ಇರ್ಲಿ ಬಿಡs ಅಕ್ಕಾ" ಎಂದ.

ತಾಯಿಯ ಸಂಗತಿ ಬಾಬಾಸಾಬನಿಗೆ ಗೊತ್ತಿರಲಿಲ್ಲ. ಮದುವೆ ಮುರಿದದ್ದು ಗೊತ್ತಿತ್ತು, ಕೆಲಸ ಬಿಟ್ಟದ್ದು ಗೊತ್ತಿತ್ತು. ಆ ಮುದುಕಿ ಒಂದು ಸಲ ವರ್ಕ್‌ಶಾಪಿಗೆ ಬುತ್ತಿ ತಂದವಳು, ಇವನಿಗೂ ಒಂದು ಶೇಂಗಾ ಹೋಳಿಗೆ ಕೊಟ್ಟು ಹೋಗಿದ್ದಳು. ಕುಬಿಹಾಳ ಮೊರಬದಿಂದ ಎಷ್ಟು ದೂರ? ಎರಡು ಬಸ್ಸು. ಯಾವತ್ತಾದರೂ ಒಂದು ದಿನ ಬಂದು ಅವಳ ಮುಂದೆ ಕೂತು ಹೇಳಬಹುದಿತ್ತು. ಅವಳು ಎಷ್ಟು ವರ್ಷ ಬದುಕಿದ್ದಳು ಎಂದು ಕೇಳುವ ಧೈರ್ಯವೂ ಅವನಿಗಾಗಲಿಲ್ಲ.

"ಯರಗುಪ್ಪಿಗೆ ಹೋಗ್ತೇನಿ" ಅಂದ. "ಈಗರೇ ಹೇಳಿ ಬರ್ತೇನಿ."

"ಯಾರಿಗೆ ಹೇಳ್ತಿ? ಬಸವಣ್ಣೆಪ್ಪ ಇಲ್ಲ. ಆ ಹುಡುಗಿಗೆ ಮೊಮ್ಮಕ್ಕಳಾಗ್ಯಾವಂತ, ಗದಗಿನ ಕಡೆ ಅದಾಳ. ಅಕಿ ಚಂದಾಗಿ ಅದಾಳ. ಅಲ್ಲಿ ಹೋಗಿ ನನ್ನ ಹೆಸರು ತಗೀಬ್ಯಾಡ."

ವೃಂದಾ ಮೆಲ್ಲಗೆ ರಕ್ತದ ಮಾತು ತೆಗೆದಳು. ಇಷ್ಟು ವರ್ಷದ ಮೇಲೂ ರಕ್ತದಲ್ಲಿ ಅದರ ಗುರುತು ಇರುತ್ತದೆ, ಒಪ್ಪಿದರೆ ಆಸ್ಪತ್ರೆಯವರಿಂದ ತೆಗೆಸಿ ಪರೀಕ್ಷೆ ಮಾಡಿಸುತ್ತೇನೆ, ಮೈಯಲ್ಲಿ ಬೇರೇನಾದರೂ ತೊಂದರೆ ಇದೆಯೇ ಎಂದೂ ನೋಡಿಸುತ್ತೇನೆ ಎಂದಳು. ಅದರಿಂದ ಹಳೆಯದು ವಾಸಿಯಾಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ಆ ಕಾಗದ ಎಲ್ಲೆ ಹೋಗ್ತೈತ್ರಿ?"

"ದಿಲ್ಲಿಗೆ ಹೋಗ್ತೈತಿ. ಎಲ್ಲಾ ದೇಶದ್ದೂ ಸೇರಿ ಜಿನೀವಾ ಅಂತ ಊರೈತಿ, ಅಲ್ಲಿಗೆ ಹೋಗ್ತೈತಿ."

"ನನ್ನ ಹೆಸರು ಇರ್ತೈತೇನು?"

"ಇಲ್ರಿ. ಯಾರ ಹೆಸರೂ ಬರಿಯೂ ಹಂಗಿಲ್ಲ. ಒಂದು ನಂಬರ್ ಇರ್ತೈತಿ."

"ಇದ್ರ ಚಲೋ ಆಗ್ತಿತ್ತು" ಎಂದ ರಾಮಪ್ಪ. ಬೇಕೆಂದು ಹಟ ಹಿಡಿಯಲಿಲ್ಲ. ರಕ್ತ ಕೊಡಲು ಒಪ್ಪಿದ. ಆಮೇಲೆ ಬಾಬಾಸಾಬನ ಕಡೆ ತಿರುಗಿ, "ನೀ ನಂಗೊಂದು ಬರದು ಕೊಡು" ಎಂದ.

"ಏನಂತ ಬರೀಲಿ?"

"ಆಗಿದ್ದು ಬರಿ. ಕನ್ನಡದಾಗ ಬರಿ, ಯಾರು ಓದಿದ್ರೂ ತಿಳೀಬೇಕು."

ರೇವವ್ವ ಒಳಗಿನಿಂದ ನೋಟುಪುಸ್ತಕದ ಹಾಳೆಯೊಂದನ್ನು ತಂದಳು. ಬಾಬಾಸಾಬ ಕಟ್ಟೆಯ ಮೇಲೆ ಕಾಗದವಿಟ್ಟು, ವೃಂದಾಳ ಪೆನ್ನು ತೆಗೆದುಕೊಂಡು ಬರೆದ. ಅಣ್ಣಿಗೇರಿ ಗಿರಣಿಯ ಟ್ಯಾಂಕಿಗೆ ನಾನು ಇಳಿಯಬೇಕಿತ್ತು. ನಾನು ರೋಜಾ ಇದ್ದೆನೆಂದು ನನ್ನ ಬದಲಿಗೆ ರಾಮಪ್ಪ ಎರಡು ದಿನ ಇಳಿದ. ಅವನ ಮೈಮೇಲೆ ಎದ್ದದ್ದು ಆ ಎಣ್ಣೆಯಿಂದ. ಅವನು ಯಾವ ಕೆಟ್ಟ ಕೆಲಸವನ್ನೂ ಮಾಡಿದವನಲ್ಲ. ಇದು ನನಗೆ ಗೊತ್ತಿದ್ದೂ ಕೇಳಿದವರಿಗೆ ನಾನು ಹೇಳಲಿಲ್ಲ. ಇಷ್ಟು ಬರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ರಾಮಪ್ಪ ಹಾಳೆಯನ್ನು ದೂರ ಹಿಡಿದು ಓದಿದ.

"ಎರಡು ದಿನಾ ಇಳಿದಾನ ಅಂತ ಬರದಿ. ಮೂರು."

ಬಾಬಾಸಾಬ ತಿದ್ದಿ ಸಹಿ ಮಾಡಿದ. ರಾಮಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಅಕ್ಕನ ಕೈಗೆ ಕೊಟ್ಟು ಎದ್ದ. ಗಿರಣಿಯ ಮುಂದೆ ಹೆಂಗಸರು ಮತ್ತೆ ಬಂದು ಕೂತಿದ್ದರು. "ಚಹಾ ಕುಡದು ಹೋಗ್ರಿ" ಎಂದು ವೃಂದಾಳಿಗೆ ಹೇಳಿದ. ಬಾಬಾಸಾಬನಿಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಮೋಟರು ಹಚ್ಚಿದ.

* * *

ಅದಾದ ಮೇಲೆ ಮೂರು ತಿಂಗಳು ಬಾಬಾಸಾಬ ವೃಂದಾಳ ಜೀಪಿನಲ್ಲಿ ತಿರುಗಿದ. ಆ ಏಳು ಬ್ಯಾರಲ್ ಎಣ್ಣೆ ಯಾವ ಯಾವ ಟಿ.ಸಿ.ಗೆ ಹೋಗಿತ್ತೆಂದು ಬರೆದಿಟ್ಟ ಪುಸ್ತಕ ಉಳಿದಿರಲಿಲ್ಲ. ಅವನ ನೆನಪೇ ಪುಸ್ತಕವಾಯಿತು. ನವಲಗುಂದದ ಕಡೆಯ ಹತ್ತಿ ಹೊಲಗಳು, ಕಲಘಟಗಿಯ ಕೆರೆದಂಡೆ, ಕುಂದಗೋಳದ ಮೆಣಸಿನಕಾಯಿ ಹೊಲಗಳ ನಡುವಿನ ಕಂಬಗಳು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆಂದು ಮಂದಿ ಕೇಳಿದರೆ, ರಜಿಯಾಬಿಯೇ ಅವನ ಪರವಾಗಿ, "ಹೋಗ್ಲಿ ಬಿಡ್ರಿ" ಎನ್ನುತ್ತಿದ್ದಳು. ಅರವತ್ತೊಂದು ಟಿ.ಸಿ.ಗಳ ಎಣ್ಣೆ ಪರೀಕ್ಷೆಯಾಯಿತು. ಒಂಬತ್ತರಲ್ಲಿ ವಿಷ ಸಿಕ್ಕಿತು. ಅವನ್ನು ಇಳಿಸಿ ಕೆಂಪು ಪಟ್ಟಿ ಸುತ್ತಿ ಒಯ್ದರು. ಭಾರೀ ಕಾವಿನ ಒಲೆಯಲ್ಲಿ ಸುಡುತ್ತಾರಂತೆ, ಅದೂ ಇನ್ನೆರಡು ವರ್ಷದೊಳಗೆ. ಗಿರಣಿಯ ಮೂಲೆಗೆ ಬೇಲಿ ಬಿತ್ತು. ಉಳಿದ ಎಣ್ಣೆ ಎಲ್ಲಿ ಸೋರಿತು, ಯಾರ ಮೊಣಕಾಲಿಗೆ ಹೋಯಿತು, ಯಾರ ಹೊಲಕ್ಕೆ ಇಳಿಯಿತು ಎಂಬುದು ಸಿಗಲಿಲ್ಲ. ಬಾಟಲಿ ಒಯ್ದಿದ್ದ ಮನೆಗಳಿಗೂ ಬಾಬಾಸಾಬ ಹೋಗಿ ಬಂದ. ಕೆಲವರು ಸತ್ತಿದ್ದರು. ಯಾವ ಕಾರಣಕ್ಕೆ ಎಂದು ಈಗ ಯಾರೂ ಹೇಳುವಂತಿರಲಿಲ್ಲ.

ಜನವರಿಯಲ್ಲಿ ವರದಿ ಬಂತು. ಇಂಗ್ಲೀಷಿನಲ್ಲಿತ್ತು. ಮೊರಬದ ಶಾಲೆಯಲ್ಲಿ ಕಲಿಸುವ ಮೊಮ್ಮಗಳು ನಿಲೋಫರ್ ಅದನ್ನು ಫೋನಿನಲ್ಲಿ ತೆಗೆದು ಓದಿ ಹೇಳಿದಳು. ನೂರಾ ನಲವತ್ತು ಪುಟ. ಅದರಲ್ಲಿ ಧಾರವಾಡ ಜಿಲ್ಲೆಗೆ ಎರಡು ಪುಟ. ಕೊನೆಗೆ ಒಂದು ಸಾಲು: ಕೆಲಸದ ವೇಳೆ ನೇರ ಸಂಪರ್ಕಕ್ಕೆ ಬಂದ ಒಬ್ಬ ಕಾರ್ಮಿಕ, ಪುರುಷ, ವಯಸ್ಸು ಐವತ್ತೆಂಟು, ಮೂರು ದಶಕಗಳ ನಂತರವೂ ರಕ್ತದಲ್ಲಿ ಹೆಚ್ಚಿನ ಪ್ರಮಾಣ ಕಂಡುಬಂದಿದೆ.

"ಇಷ್ಟs ಏನು?" ಎಂದ ಬಾಬಾಸಾಬ.

"ಇಷ್ಟs ಐತಿ ದಾದಾ."

ಅವನು ಇನ್ನೊಮ್ಮೆ ಓದಿಸಿದ. ಆಮೇಲೆ ಕುಬಿಹಾಳಕ್ಕೆ ಫೋನು ಹಚ್ಚಿಸಿಕೊಂಡ. ಗಂಟೆ ಬಹಳ ಹೊತ್ತು ಬಡಿದು ರಾಮಪ್ಪ ಎತ್ತಿದ. ಹಿಂದೆ ಗಿರಣಿಯ ಸಪ್ಪಳ ಕೇಳುತ್ತಿತ್ತು.

"ರಿಪೋರ್ಟ್ ಬಂದೈತಿ" ಅಂದ ಬಾಬಾಸಾಬ. "ನಿಂದೂ ಬರದಾರ."

"ಆ ಬಾಯಾರು ಹೇಳಿದ್ರು."

"ನಿನ್ನ ಕಣ್ಣು ತೋರಿಸಾಕ ಹುಬ್ಬಳ್ಳಿಗೆ ಹೋಗಬೇಕು ಅಂದಾರಂತಲ್ಲ. ನಾ ಜೋಡಿ ಬರ್ಲೇನು?"

ಆ ಕಡೆ ರಾಮಪ್ಪ ಯಾರಿಗೋ ಡಬ್ಬಿ ಮುಂದೆ ಸರಿಸಲು ಹೇಳಿದ.

"ಬ್ಯಾಡ" ಎಂದ ರಾಮಪ್ಪ. "ಅಕ್ಕ ಬರ್ತಾಳ. ಇಡ್ತೇನಿ, ಮಂದಿ ನಿಂತಾರ."

ಬಾಬಾಸಾಬ ಫೋನನ್ನು ನಿಲೋಫರಳ ಕೈಗೆ ಕೊಟ್ಟ. ಬಾಗಿಲಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ರಜಿಯಾಬಿ ತಲೆಯೆತ್ತಿ, "ಏನಂದ?" ಎಂದು ಕೇಳಿದಳು.

"ಗಿರಣಿಗೆ ಮಂದಿ ಬಂದಾರಂತ" ಅಂದ ಅವನು. ಅವಳ ಬಾಜೂಕ ಕೂತು ಮೊರದಿಂದ ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡ.